ಮುಖ ಕೆಂಪಾಗುವುದಕ್ಕೂ ಮದ್ದುಂಟು

ಅಲ್ಲ ಮಾರಾಯ್ರೆ, ನವಿ ಮುಂಬಯಿಯ ಬೇಲಾಪುರದ ಈ ಸೆಕೆಯಲ್ಲಿ ಯಾರ ಮುಖ ಕೆಂಪಾಗುವುದಿಲ್ಲ ಹೇಳಿ? ಮೇ ತಿಂಗಳ ಮಧ್ಯಾಹ್ನ ಲೋಕಲ್‌ನಿಂದ ಇಳಿದು ಕೊಂಕಣ ಭವನದವರೆಗೆ ನಡೆದರೆ ಸಾಕು, ಎಲ್ಲರದ್ದೂ ಒಂದೇ ಅವಸ್ಥೆ. ಆದರೆ ರೊಸೇಷಿಯಾ ಎಂಬ ಚರ್ಮದ ಕಾಯಿಲೆ ಇರುವವರ ಪಾಡು ಬೇರೆ. ಉಳಿದವರು ಫ್ಯಾನಿನಡಿ ಕೂತು ತಣ್ಣಗಾದ ಮೇಲೂ ಇವರ ಕೆನ್ನೆ, ಮೂಗು ಬಿಸಿಬಿಸಿ. ಕಂಡವರೆಲ್ಲ "ಏನು, ಸಿಟ್ಟು ಬಂತಾ?" "ಬಿಪಿ ಏರಿತಾ?" ಅಂತ ಕೇಳುವುದು ಬೇರೆ. ನಮ್ಮಂಥ ಕಪ್ಪು, ಗೋಧಿ ಬಣ್ಣದ ಮುಖಗಳಲ್ಲಂತೂ ಕೆಂಪು ಸರಿಯಾಗಿ ಕಾಣುವುದೇ ಇಲ್ಲ, ಉರಿ ಮಾತ್ರ ಗೊತ್ತಾಗುತ್ತದೆ. ಕಾಣದ ಕಾಯಿಲೆಯನ್ನು ನಂಬುವವರು ಯಾರು, ಅಲ್ವಾ?

ಇಲ್ಲಿ ಆರ್ಟಿಸ್ಟ್ ವಿಲೇಜ್ ಉಂಟಲ್ಲ, 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಏಳೇಳು ಮನೆಗೆ ಒಂದೊಂದು ಅಂಗಳ ಅಂತ ಯೋಜನೆ ಹಾಕಿದ್ದು. ಗೋಡೆಗೆ ಗೋಡೆ ತಾಗಿಸದೆ, ಮುಂದೆ ಬೇಕಾದವರು ಬೇಕಾದ ಹಾಗೆ ಬೆಳೆಸಿಕೊಳ್ಳಲಿ ಅಂತ. ಎಂಥ ಚಂದದ ಯೋಚನೆ! ಊರಿನ ಅಂಗಳದ ನೆನಪಾಗುತ್ತದೆ ನೋಡಿ. ಅಂಗಳ ಒಂದಾದರೆ ಹಪ್ಪಳ ಒಣಗಿಸುವುದಕ್ಕೂ ಸೈ, ಮದ್ದು ಹೇಳುವುದಕ್ಕೂ ಸೈ. ತೊಂದರೆ ಇರುವುದು ಅಲ್ಲೇ. ಒಬ್ಬರಿಗೆ ನಾಟಿದ ಕ್ರೀಮು ಏಳು ಮನೆಗೂ ಹೋಗುತ್ತದೆ. "ಇದನ್ನು ಹಚ್ಚಿ ಅಕ್ಕಾ, ಮೂರೇ ದಿನಕ್ಕೆ ಮುಖ ಫಳಫಳ!"

ಆ ಫಳಫಳದ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಅಂತ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಅದು ಸ್ಟೀರಾಯ್ಡ್. ಮೊದಲಿಗೆ ಮುಖ ತಿಳಿಯಾಗುತ್ತದೆ, ನಿಜ. ನಿಲ್ಲಿಸಿದ ಕೂಡಲೇ ಹಿಂದಿಗಿಂತ ಹೆಚ್ಚು ಕೆಂಪು, ಗುಳ್ಳೆ, ಉರಿ. ಮತ್ತೆ ಹಚ್ಚು, ಮತ್ತೆ ನಿಲ್ಲಿಸು. ರೊಸೇಷಿಯಾ ಇಲ್ಲದವರಿಗೂ ಅಂಥದ್ದೇ ಮುಖ ತಂದುಕೊಡುವ ಕೆಲಸ ಅದು. ಚರ್ಮವೈದ್ಯರು ವರ್ಷಗಟ್ಟಲೆ ಬೊಬ್ಬೆ ಹೊಡೆದ ಮೇಲೆ 2018ರಲ್ಲಿ ಸರಕಾರ 14 ಸ್ಟೀರಾಯ್ಡ್‌ಗಳ ಮುಲಾಮನ್ನು ಚೀಟಿಯಿಲ್ಲದೆ ಮಾರಬಾರದು ಅಂದಿತು. ತಿಂಗಳುಗಟ್ಟಲೆ ಹಚ್ಚಿ ಅಭ್ಯಾಸವಾಗಿದ್ದರೆ ಮಾತ್ರ ತಟ್ಟನೆ ನಿಲ್ಲಿಸದೆ ವೈದ್ಯರನ್ನು ಕೇಳಿಕೊಂಡೇ ಬಿಡಬೇಕು.

ಹಾಗಾದರೆ ಹಚ್ಚುವುದು ಏನನ್ನು? ಇಲ್ಲೊಂದು ಸೋಜಿಗ ಕೇಳಿ. ಅಜ್ಜನಿಗೆ ಗ್ಲಾಕೋಮಾ ಅಂತ ಕಣ್ಣಿಗೆ ಹಾಕುತ್ತಿದ್ದ ಬ್ರಿಮೋನಿಡಿನ್, ನೆಗಡಿಯಾದಾಗ ಮೂಗಿಗೆ ಬಿಡುವ ಆಕ್ಸಿಮೆಟಜೋಲಿನ್, ಇವೆರಡೇ ಈ ಕೆಂಪಿಗೂ ಮದ್ದು! ಹಿಗ್ಗಿದ ರಕ್ತನಾಳ ಕುಗ್ಗಿಸುವುದು ಇವುಗಳ ಕೆಲಸ. ಅಮೆರಿಕದಲ್ಲಿ ಮೊದಲನೆಯದರ ಜೆಲ್‌ಗೆ 2013ರಲ್ಲಿ, ಎರಡನೆಯದರ ಕ್ರೀಮಿಗೆ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇದು ಕಪಾಟಿನಲ್ಲೇ ಇತ್ತು ನೋಡಿ. ಹಾಗಂತ ಕಣ್ಣಿನ ಹನಿಯನ್ನು ಕೆನ್ನೆಗೆ ಹಚ್ಚುವ ಸಾಹಸ ಬೇಡ, ಅದರ ಪ್ರಮಾಣವೇ ಬೇರೆ. ಬ್ರಿಮೋನಿಡಿನ್ ಜೆಲ್ ಆದರೆ ಹಣೆ, ಗಲ್ಲ, ಮೂಗು, ಎರಡು ಕೆನ್ನೆ, ಹೀಗೆ ಐದು ಕಡೆ ಬಟಾಣಿಯಷ್ಟು ಇಟ್ಟು ತೆಳ್ಳಗೆ ಸವರಬೇಕು. ಅರ್ಧ ಗಂಟೆಯಲ್ಲಿ ಕೆಂಪು ಇಳಿಯಲು ಶುರು, ಸುಮಾರು 12 ಗಂಟೆಯವರೆಗೆ ಗುಣ. ಗುಣ ಇಳಿದ ಮೇಲೆ ಕೆಲವರಿಗೆ ದುಪ್ಪಟ್ಟು ಕೆಂಪಾಗುವುದೂ ಉಂಟು. ಅದಕ್ಕೇ ಮದುವೆಮನೆಗೆ ಹೊರಟಾಗ ಮೊದಲ ಸಲ ಹಚ್ಚಬೇಡಿ, ಮನೆಯಲ್ಲೇ ಇರುವ ಒಂದು ಭಾನುವಾರ ನೋಡಿಕೊಳ್ಳಿ, ಆಗದಾ?

ಇದೆಲ್ಲ ಸದಾ ಇರುವ ಕೆಂಪಿಗಾಯಿತು. ಇದ್ದಕ್ಕಿದ್ದಂತೆ ಮುಖಕ್ಕೆ ನೆತ್ತರು ನುಗ್ಗುತ್ತದಲ್ಲ, ಅದಕ್ಕೆ ಕೆಲವು ವೈದ್ಯರು ಪ್ರೊಪ್ರನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಕೊಟ್ಟು ನೋಡುತ್ತಾರೆ. ಎರಡೂ ಹೃದಯದ, ಬಿಪಿಯ ಮಾತ್ರೆಗಳೇ. ಪ್ರೊಪ್ರನೊಲಾಲ್ ತಯಾರಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ವೇದಿಕೆ ಹತ್ತುವಾಗ ಕೈ ನಡುಗುವ ಸಂಗೀತಗಾರರೂ ಆ ಮಾತ್ರೆಯನ್ನು ನುಂಗುವುದುಂಟು. ಆದರೆ ಉಬ್ಬಸ ಇರುವವರಿಗೆ ಅದು ಅಪಾಯ. ಸಕ್ಕರೆ ಕಾಯಿಲೆಗೆ ಮದ್ದು ತಗೊಳ್ಳುವವರಲ್ಲಿ ಶುಗರ್ ಇಳಿದದ್ದೇ ಗೊತ್ತಾಗದಂತೆ ಮಾಡಬಹುದು. ಪಕ್ಕದ ಮನೆಯವರಿಂದ ಒಂದು ಮಾತ್ರೆ ಕೇಳಿ ತರುವ ಬಾಬತ್ತು ಇದಲ್ಲವೇ ಅಲ್ಲ. ಇನ್ನು ಮೆಟ್ರೊನಿಡಜೋಲ್, ಐವರ್ಮೆಕ್ಟಿನ್ ಮುಲಾಮು, ಡಾಕ್ಸಿಸೈಕ್ಲಿನ್ ಇವೆಲ್ಲ ಮುಖ್ಯವಾಗಿ ಗುಳ್ಳೆಗೆ. ಎಳೆಎಳೆಯಾಗಿ ಕಾಣುವ ರಕ್ತನಾಳಗಳಿಗೆ ಲೇಸರ್. ಒಂದೇ ಮುಖದಲ್ಲಿ ಇಷ್ಟೆಲ್ಲ ಬಗೆ!

ಕಾಫಿ ಬಿಡಬೇಕಾ ಅಂತ ನೀವು ಕೇಳುತ್ತೀರಿ, ಗೊತ್ತು. ಈ ಕಟಿಂಗ್ ಚಹಾದ ಊರಲ್ಲಿ ಊರಿನ ಕಾಫಿ ಪುಡಿ ತರಿಸಿಕೊಂಡು ಕುಡಿಯುವವರಲ್ಲವಾ ನಾವು! ಸಮಾಧಾನದ ಸುದ್ದಿ ಉಂಟು. 1981ರಲ್ಲೇ ಒಬ್ಬ ವೈದ್ಯರು ಪರೀಕ್ಷಿಸಿ ನೋಡಿದರು: ಬಿಸಿ ಕಾಫಿಗೂ ಮುಖ ಕೆಂಪಾಯಿತು, ಬರೀ ಬಿಸಿ ನೀರಿಗೂ ಕೆಂಪಾಯಿತು, ಆರಿದ ಕಾಫಿಗೆ ಏನೂ ಆಗಲಿಲ್ಲ. ತಪ್ಪು ಬಿಸಿಯದ್ದು, ಕಾಫಿಯದ್ದಲ್ಲ. 2018ರಲ್ಲಿ ಅಮೆರಿಕದ 82,000ಕ್ಕೂ ಹೆಚ್ಚು ನರ್ಸುಗಳ ಲೆಕ್ಕ ಹಿಡಿದಾಗ, ದಿನಕ್ಕೆ ನಾಲ್ಕು ಕಪ್ ಕಾಫಿ ಕುಡಿಯುವವರಲ್ಲಿ ರೊಸೇಷಿಯಾ ಕಡಿಮೆಯೇ ಕಂಡಿತು. ಅದಕ್ಕೆ ನಾಲ್ಕು ಕಪ್ ಕುಡಿಯಬೇಕೆಂದಿಲ್ಲ, ಸ್ವಲ್ಪ ಆರಿಸಿ ಕುಡಿದರಾಯಿತು.

ಚರ್ಮವೈದ್ಯರಲ್ಲಿಗೆ ಹೋಗುವಾಗ ಎರಡು ಕೆಲಸ ಮಾಡಿ. ಅಲ್ಲಿನ ಎ.ಸಿ.ಯಲ್ಲಿ ಕೂತಷ್ಟರಲ್ಲಿ ಕೆಂಪು ಮಾಯವಾಗಿರುತ್ತದೆ, ಹಾಗಾಗಿ ಮುಖ ಉರಿಯುವಾಗಲೇ ಕಿಟಕಿ ಬೆಳಕಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಡಿ. ಮತ್ತೆ, ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಿಪಿಯ ಅಮ್ಲೋಡಿಪಿನ್, ಕೊಲೆಸ್ಟರಾಲ್‌ನ ನಯಾಸಿನ್ ಇಂಥವೂ ಮುಖ ಕೆಂಪು ಮಾಡುತ್ತವೆ. ಹಾಗಿದ್ದರೆ ಹೊಸ ಮದ್ದು ಬೇಕಾಗುವುದೇ ಇಲ್ಲ, ಹಳೆಯದನ್ನು ವೈದ್ಯರು ಬದಲಿಸಿಕೊಟ್ಟರೆ ಮುಗಿಯಿತು, ಅಲ್ವಾ?