ಸಂಶಯಾತ್ಮ ನಿರೂಪಕ ಮೀಮಾಂಸೆ

ಪೀಠಿಕೆ

ಸಂಶಯಪಡುವವನು ಕೆಡುತ್ತಾನೆ ಎಂಬುದು ಗೀತಾಚಾರ್ಯನ ನಿಲುವು. ಗೌತಮನ ನ್ಯಾಯಸೂತ್ರವಾದರೋ ತನ್ನ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಪೀಠ ಹಾಕಿ ಕೂರಿಸಿದೆ. ಈ ವ್ಯಾಜ್ಯವನ್ನು ಇತ್ಯರ್ಥಪಡಿಸಬಲ್ಲ ಸಾಕ್ಷಿಯೊಬ್ಬನಿದ್ದಾನೆ. ಪತ್ತೇದಾರಿ ಮತ್ತು ಸಾಹಸ ಕಥೆಗಳಲ್ಲಿ 'ನಾನು' ಎಂದು ಕಥೆ ಹೇಳುತ್ತ, ಪಕ್ಕದಲ್ಲೇ ಕೂತ ಮಹಾಮೇಧಾವಿಯ ಮಾತೊಂದನ್ನು ಬಿಟ್ಟು ಬೇರೆಲ್ಲವನ್ನೂ ನಂಬುವ ಮಹಾಶಯನೇ ಅವನು.

ಈ ಶಾಸ್ತ್ರ ತಮ್ಮಿಂದಲೇ ಹುಟ್ಟಿತೆಂದು ಪ್ರಸ್ತುತ ಪ್ರಬಂಧಕಾರರು ಹೇಳಿಕೊಳ್ಳುವುದಿಲ್ಲ. ಮುಂದೆ ಪಾದ್ರಿಯಾದ ರೊನಾಲ್ಡ್ ನಾಕ್ಸ್ 1911ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಬಂಧ ಓದಿ, ಬೈಬಲ್ ಪಂಡಿತರು ಧರ್ಮಗ್ರಂಥವನ್ನು ಜಾಲಾಡುವ ಧಾಟಿಯಲ್ಲೇ ಷರ್ಲಾಕ್ ಹೋಮ್ಸ್ ಕಥೆಗಳನ್ನು ಜಾಲಾಡಿದ್ದರು. 1929ರಲ್ಲಿ ಅವರು ಪತ್ತೇದಾರಿ ಕಥೆಗೆ ದಶಾಜ್ಞೆಗಳನ್ನು ಹೊರಡಿಸಿದರು. ಪತ್ತೇದಾರನ ಪೆದ್ದ ಗೆಳೆಯನ ಬುದ್ಧಿ ಸಾಮಾನ್ಯ ಓದುಗನದಕ್ಕಿಂತ ಗುಲಗಂಜಿಯಷ್ಟು, ಬರೀ ಗುಲಗಂಜಿಯಷ್ಟು, ಕಡಿಮೆ ಇರತಕ್ಕದ್ದು ಎಂಬುದು ಒಂಬತ್ತನೆಯ ಆಜ್ಞೆಯ ತಾತ್ಪರ್ಯ. ಆ ಗುಲಗಂಜಿಯನ್ನು ತೂಗುವ ತಕ್ಕಡಿ ಎಲ್ಲಿ ಸಿಗುತ್ತದೆಂದು ಅವರು ತಿಳಿಸಲಿಲ್ಲ. ಆ ಕೊರತೆಯನ್ನು ಈ ಪ್ರಬಂಧವೂ ತುಂಬುವುದಿಲ್ಲ.

ಸೂತ್ರ 1: ಅನುಭವದಿಂದ ಕರಗದಿರುವುದೇ ನಿರೂಪಕ ಸಂಶಯ

ಭಾಷ್ಯ: 1887ರ 'ಎ ಸ್ಟಡಿ ಇನ್ ಸ್ಕಾರ್ಲೆಟ್' ನೋಡಿ. ಡಾ. ವಾಟ್ಸನ್ ಬೆಳಗಿನ ತಿಂಡಿಯ ಹೊತ್ತಿನಲ್ಲಿ ಪತ್ರಿಕೆಯೊಂದರ ಲೇಖನ ಓದಿ, ಶುದ್ಧ ಕಂತೆಪುರಾಣ ಎಂದು ಬಿಸುಟರು. ಇದನ್ನು ಬರೆದವನನ್ನು ರೈಲಿನ ಮೂರನೇ ದರ್ಜೆಯ ಡಬ್ಬಿಗೆ ತಳ್ಳಿ ಸಹಪ್ರಯಾಣಿಕರ ಕಸುಬು ಹೇಳಿಸಬೇಕು, ಒಂದಕ್ಕೆ ಸಾವಿರ ಬಾಜಿ ಎಂದರು. ಎದುರಿಗಿದ್ದ ಹೋಮ್ಸ್, ದುಡ್ಡು ಕಳೆದುಕೊಳ್ಳುತ್ತೀರಿ, ಬರೆದವನು ನಾನೇ ಎಂದರು. ಆಮೇಲೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬನನ್ನು ಕಿಟಕಿಯಿಂದಲೇ ನೋಡಿ, ನೌಕಾಪಡೆಯ ಮಾಜಿ ಸಾರ್ಜೆಂಟ್ ಎಂದರು. ಪರೀಕ್ಷಿಸುವವರು ಯಾರೂ ಇಲ್ಲವೆಂಬ ಧೈರ್ಯದಲ್ಲಿ ಬಡಾಯಿ ಕೊಚ್ಚುತ್ತಿದ್ದಾರೆ ಎಂದು ವಾಟ್ಸನ್ ಒಳಗೊಳಗೇ ಅಂದುಕೊಂಡರು. ಆ ಮನುಷ್ಯ ಅವರ ಮನೆಗೇ ಕಾಗದ ತಂದು, ತಾನು ಸಾರ್ಜೆಂಟ್ ಆಗಿದ್ದೆನೆಂದು ಒಪ್ಪಿಕೊಂಡ.

ಸಾಮಾನ್ಯರಿಗೆ ಇಷ್ಟು ಪೆಟ್ಟು ಸಾಕು. ಆದರೆ 4 ಕಾದಂಬರಿ, 56 ಕಥೆಗಳ ಆ ಸಂಹಿತೆಯಲ್ಲಿ ಬಹುಪಾಲನ್ನು ಹೇಳಿದವರು ವಾಟ್ಸನ್ನೇ, ಮತ್ತು ಅವರ ಬೆರಗು ಪ್ರತಿ ಸಲವೂ ಹೊಚ್ಚ ಹೊಸದು. ರಾತ್ರಿ ಸಂಶಯ ಪರಿಹಾರವಾಗಿ ಮಲಗಿದವರು ಬೆಳಿಗ್ಗೆ ಅದೇ ಸಂಶಯದೊಡನೆ ಏಳುತ್ತಾರೆ. ಸ್ವತಃ ವೈದ್ಯರಾಗಿಯೂ ಅವರು ಇದಕ್ಕೆ ಮದ್ದು ಹುಡುಕಲಿಲ್ಲ. ಹುಡುಕಿದ್ದರೆ ಕಥೆಯ ಕಸುಬೇ ನಿಂತುಹೋಗುತ್ತಿತ್ತು.

ಸೂತ್ರ 2: ಸಂಶಯ ಸರಿಯಾಗಿದ್ದರೂ ಸಂಶಯಾತ್ಮ ಸೋಲತಕ್ಕದ್ದು

ಭಾಷ್ಯ: ಜೂಲ್ಸ್ ವರ್ನ್ 1864ರಲ್ಲಿ ಹ್ಯಾಂಬರ್ಗಿನ ಪ್ರೊಫೆಸರ್ ಲಿಡೆನ್‌ಬ್ರೋಕರನ್ನು ಭೂಗರ್ಭಕ್ಕೆ ಇಳಿಸಿದ. ಜೊತೆಗೆ ಹೋಗಬೇಕಾದ ನಿರೂಪಕ ಅಕ್ಸೆಲ್, ಅನಾಥ ಬಂಧು, ತಕರಾರೆತ್ತಿದ: ಎಪ್ಪತ್ತು ಅಡಿ ಇಳಿದರೆ ಒಂದು ಡಿಗ್ರಿ ಶಾಖ ಏರುತ್ತದೆ, ಕೇಂದ್ರ ಮುಟ್ಟುವ ಮೊದಲೇ ಬೆಂದುಹೋಗುತ್ತೇವೆ. ಪ್ರೊಫೆಸರರು ಹಂಫ್ರಿ ಡೇವಿಯ ಹೆಸರೆತ್ತಿ ಅವನ ಬಾಯಿ ಮುಚ್ಚಿಸಿದರು. ಐಸ್‌ಲ್ಯಾಂಡಿನ ಜ್ವಾಲಾಮುಖಿಯಲ್ಲಿ ಇಳಿದವರು ಇಟಲಿಯ ಸ್ಟ್ರಾಂಬೋಲಿಯಲ್ಲಿ ಜೀವಂತ ಹೊರಬಿದ್ದರು. ಅಕ್ಸೆಲ್‌ಗೆ ಮುಖಭಂಗವಾಯಿತು.

ಇಲ್ಲಿ ಭೂವಿಜ್ಞಾನಿಗಳು ಅಕ್ಸೆಲ್ ಪರ. ಭೂಮಿಯ ಕೇಂದ್ರದ ಉಷ್ಣತೆ 5,000 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿದ್ದೆಂದು ಅವರ ಅಂದಾಜು. ಇಡೀ ವಿಜ್ಞಾನ ಬೆನ್ನಿಗಿದ್ದರೂ ಹುಡುಗ ಕಾದಂಬರಿಯೊಳಗೆ ಸೋತ. ಲೇಖಕ ಎದುರು ಪಕ್ಷದಲ್ಲಿದ್ದಾಗ ಸತ್ಯದಿಂದ ಏನೂ ಪ್ರಯೋಜನವಿಲ್ಲ.

ಸೂತ್ರ 3: ಸಂಶಯಕ್ಕೆ ದಂಡನೆ ಉಂಟು

ಭಾಷ್ಯ: ದಂಡನೆ ಮೂರು ಬಗೆ. ಮೊದಲನೆಯದು ಮಂಗ ಮಾಡುವುದು. ಎಡ್ಗರ್ ಅಲನ್ ಪೋ 1843ರಲ್ಲಿ ಬರೆದ 'ದಿ ಗೋಲ್ಡ್ ಬಗ್'ನಲ್ಲಿ ಹೆಸರಿಲ್ಲದ ನಿರೂಪಕನು ಗೆಳೆಯ ಲೆಗ್ರಾಂಡ್‌ಗೆ ತಲೆ ಕೆಟ್ಟಿದೆಯೆಂದೇ ನಂಬಿದ್ದ. ನಿಧಿ ಸಿಕ್ಕ ಮೇಲೆ ಲೆಗ್ರಾಂಡ್ ಗುಟ್ಟು ಬಿಟ್ಟುಕೊಟ್ಟ: ಜೀರುಂಡೆಯನ್ನು ದಾರಕ್ಕೆ ಕಟ್ಟಿ ತಿರುಗಿಸುತ್ತ ನಡೆದದ್ದು, ತನ್ನನ್ನು ಹುಚ್ಚನೆಂದುಕೊಂಡ ಗೆಳೆಯನನ್ನು ಸದ್ದಿಲ್ಲದೆ ಶಿಕ್ಷಿಸಲೆಂದೇ.

ಎರಡನೆಯದು ಮುಳುಗಿಸುವುದು. 1870ರಲ್ಲಿ ಪುಸ್ತಕವಾಗಿ ಮುಗಿದ ವರ್ನ್‌ನ ಕಡಲ ಕಾದಂಬರಿಯಲ್ಲಿ ಪ್ಯಾರಿಸ್ಸಿನ ಪ್ರೊಫೆಸರ್ ಅರೋನಾಕ್ಸ್, ಕಡಲಲ್ಲಿ ಕಾಣಿಸಿಕೊಂಡ ದೈತ್ಯ ಯಂತ್ರವಾಗಿರಲಾರದು, ಅಂಥ ಯಂತ್ರವನ್ನು ಯಾವ ಸರ್ಕಾರವೂ ಗುಟ್ಟಾಗಿ ಕಟ್ಟಲಾರದು, ಆದ್ದರಿಂದ ಅದು ಭಾರಿ ನಾರ್ವಾಲ್ ತಿಮಿಂಗಿಲವೇ ಎಂದು ತರ್ಕಬದ್ಧವಾಗಿ ಸಾಧಿಸಿದರು. ಕೂಡಲೇ ಹಡಗಿನಿಂದ ನೀರಿಗೆ ಬಿದ್ದರು. ಈಜಿ ದಣಿದು ಅದೇ ತಿಮಿಂಗಿಲದ ಬೆನ್ನೇರಿ ನೋಡಿದರೆ ಕಾಲಡಿಯಲ್ಲಿ ಉಕ್ಕಿನ ತಗಡು. ಅದು 70 ಮೀಟರ್ ಉದ್ದದ ನಾಟಿಲಸ್ ಜಲಾಂತರ್ಗಾಮಿ.

ಮೂರನೆಯದು ಬಾಗಿಲಾಚೆ ಎಸೆಯುವುದು. 1912ರ 'ದಿ ಲಾಸ್ಟ್ ವರ್ಲ್ಡ್'ನಲ್ಲಿ ಪತ್ರಕರ್ತ ಮಲೋನ್ ಇದನ್ನು ಪ್ರೊಫೆಸರ್ ಚಾಲೆಂಜರರ ಮನೆಯಲ್ಲಿ ಪಡೆದ. ಇಬ್ಬರೂ ಕುಸ್ತಿ ಹಿಡಿದು ಉರುಳುತ್ತ ಬೀದಿಗೆ ಬಂದರು. ಇಷ್ಟಾದ ಮೇಲೆ ಮಲೋನ್ ನಂಬತೊಡಗಿದ, ಹುದ್ದೆ ಖಾಲಿಯಾಯಿತು. ಲೇಖಕ ಕಾನನ್ ಡಾಯ್ಲ್ ತಡಮಾಡದೆ ಪ್ರೊಫೆಸರ್ ಸಮ್ಮರ್ಲಿಯವರನ್ನು ಅದೇ ಹುದ್ದೆಗೆ ತುಂಬಿದರು. ದಂಡಯಾತ್ರೆಗೆ ಬಂದೂಕು, ದಿನಸಿ ಕಡಿಮೆಯಾದರೂ ನಡೆದೀತು, ನಂಬದವನೊಬ್ಬ ಜೊತೆಗಿರಲೇಬೇಕು.

ಪೂರ್ವಪಕ್ಷ

ಕೆಲವರ ಆಕ್ಷೇಪ ಹೀಗಿದೆ: ಇವನು ಬರೀ ದಡ್ಡ, ಮೇಧಾವಿ ವಿವರಿಸಲೆಂದು ಪ್ರಶ್ನೆ ಕೇಳುವ ಆಳು. ಇದು ಅರ್ಧಸತ್ಯ. 1926ರಲ್ಲಿ ಎರಡು ಕಥೆಗಳನ್ನು ಹೋಮ್ಸರೇ ಹೇಳಬೇಕಾಗಿ ಬಂತು. ಆಗ, ಬಾಯಿ ತೆರೆದು ಬೆರಗಾಗುವವರಿಲ್ಲದೆ ತಮ್ಮ ವಿದ್ಯೆ ದೊಡ್ಡದಾಗಿ ಕಾಣುವುದಿಲ್ಲವೆಂದು ಅವರಿಗೇ ಅರಿವಾಗಿ, ವಾಟ್ಸನ್ ಇದ್ದಿದ್ದರೆ ಎಂದು ಹಂಬಲಿಸಿದರು. ಆದರೆ ಬೆರಗಾಗಲು ಭಕ್ತರೇ ಸಾಕಲ್ಲ. ನಂಬದವನೇ ಏಕೆ ಬೇಕು?

ಸಿದ್ಧಾಂತ

ಏಕೆಂದರೆ ಸಾಹಸ ಕಥೆಯ ಕೊನೆಗೆ ಸಾಕ್ಷ್ಯ ಉಳಿಯುವುದಿಲ್ಲ. ನಾಟಿಲಸ್ ನಾರ್ವೆಯ ಸುಳಿಗೆ ಸಿಕ್ಕಿ ಕಣ್ಮರೆಯಾಯಿತು. ಕೇಂಬ್ರಿಜ್ ಪಂಡಿತ ಹಾಲಿ ಹೇಳುವ, ರೈಡರ್ ಹ್ಯಾಗಾರ್ಡ್ 1887ರಲ್ಲಿ ಪ್ರಕಟಿಸಿದ 'ಶೀ' ಕಾದಂಬರಿಯಲ್ಲಿ, ಎರಡು ಸಾವಿರ ವರ್ಷ ಬಾಳಿದ ರಾಣಿ ಅವನ ಕಣ್ಣೆದುರೇ ಸುಕ್ಕುಗಟ್ಟಿ ಸತ್ತಳು. ಚಾಲೆಂಜರರು ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಪೆಟ್ಟಿಗೆ ತೆರೆದು ತೋರಿಸಿದ ಟೆರೊಡ್ಯಾಕ್ಟಿಲ್ ಕಿಟಕಿಯಿಂದ ಹಾರಿಹೋಯಿತು.

ನಮ್ಮಲ್ಲೂ ಹೀಗೆಯೇ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯ 'ನಾನು'ವಿಗೆ, ಕರ್ವಾಲೊ ಅವರಂಥ ದೊಡ್ಡ ವಿಜ್ಞಾನಿಗೆ ಜೇನು ಹಿಡಿಯುವ ಮಂದಣ್ಣನಲ್ಲಿ ಏನು ಕಂಡಿತೆಂಬ ಅನುಮಾನ. ವಾಟ್ಸನ್ನರಿಗಿಲ್ಲದ ತೋಟದ ತಾಪತ್ರಯ ಬೇರೆ ಇದ್ದುದರಿಂದ ಆ ಅನುಮಾನಕ್ಕೊಂದು ಮರ್ಯಾದೆಯೂ ಇದೆ. ಕಾಡು ಮೇಡು ಅಲೆದು ಕೊನೆಗೆ ಕಂಡ ಹಾರುವ ಓತಿಯೂ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಯಿತು.

ಎಲ್ಲ ಹಾರಿಹೋದ ಮೇಲೆ ಉಳಿಯುವುದು ನಿರೂಪಕನ ನಾಲಗೆಯೊಂದೇ. ದೇವರು ಪ್ರತ್ಯಕ್ಷನಾದನೆಂದು ಪೂಜಾರಿ ಹೇಳಿದರೆ ಊರು ತಲೆಯಾಡಿಸಿ ಸುಮ್ಮನಾಗುತ್ತದೆ, ಊರಿನ ನಾಸ್ತಿಕ ಹೇಳಿದರೆ ಚಪ್ಪಲಿ ಬಿಟ್ಟು ಓಡಿಬರುತ್ತದೆ. ಲೇಖಕರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನಿರೂಪಕನ ಸಂಶಯವೆಂಬುದು ಅವನ ಬುದ್ಧಿಯ ದೋಷವೂ ಅಲ್ಲ, ಗುಣವೂ ಅಲ್ಲ. ಸಾಕ್ಷಿಕಟ್ಟೆ ಏರಲು ಬೇಕಾದ ಅರ್ಹತಾಪತ್ರ. ಓದುಗರು ಲೇಖಕರ ಮೇಲೆ ಪಡಬೇಕಾದ ಅನುಮಾನವನ್ನೆಲ್ಲ ಅವನೇ ಮುಂಗಡವಾಗಿ ಪಟ್ಟು ಮುಗಿಸಿರುತ್ತಾನೆ.

ಶಿಫಾರಸು

ಇದರಿಂದ ಓದುಗರಿಗೆ ಲಭಿಸುವ ನಿಯಮ: ನಿರೂಪಕ ನಂಬದ್ದು ನಿಜ, ಅವನು ನಂಬತೊಡಗಿದ್ದು ಸುಳ್ಳು. ಬಾಸ್ಕರ್‌ವಿಲ್‌ನ ಬಯಲಿನಲ್ಲಿ ನಾಯಿಯ ಊಳು ಕೇಳಿ ವಾಟ್ಸನ್ನರ ಮನಸ್ಸು ಪಿಶಾಚಿಯತ್ತ ವಾಲಿದಾಗಲೇ ಅದು ರಕ್ತಮಾಂಸದ ನಾಯಿಯೆಂದು ತೀರ್ಮಾನಿಸಬಹುದಿತ್ತು. ಈ ನಿಯಮ ಪಾಲಿಸಿದರೆ ಪ್ರತಿ ಪುಸ್ತಕದಲ್ಲೂ ಹತ್ತಾರು ಪುಟ ಉಳಿತಾಯ.

ಒಂದು ಎಚ್ಚರಿಕೆ ಮಾತ್ರ. ಅಗಾಥಾ ಕ್ರಿಸ್ಟಿ 1923ರಲ್ಲಿ ಪತ್ತೇದಾರ ಪೊಯ್ರೋನ ಪೆದ್ದ ಗೆಳೆಯ ಹೇಸ್ಟಿಂಗ್ಸ್‌ಗೆ ಮದುವೆ ಮಾಡಿಸಿ ಅರ್ಜೆಂಟೀನಾಕ್ಕೆ ಸಾಗಹಾಕಿದರು. 1926ರ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್'ನಲ್ಲಿ ಆ ಕುರ್ಚಿಗೆ ಊರಿನ ಡಾಕ್ಟರೊಬ್ಬರು ಬಂದರು. ಓದದವರ ಹಿತದೃಷ್ಟಿಯಿಂದ ಮುಂದಿನದನ್ನು ಹೇಳುವಂತಿಲ್ಲ. ಇಷ್ಟು ಹೇಳಬಹುದು: ಆ ಪುಸ್ತಕ ಓದಿ ಮುಗಿಸುವವರೆಗೆ 'ನಾನು' ಎಂದು ಬರೆಯುವ ಯಾರನ್ನೂ, ಮೂರನೆಯ ಪುರುಷದ ಮರೆಯಲ್ಲಿ ಕೂತ ಈ ಪ್ರಬಂಧಕಾರರನ್ನೂ ಸೇರಿಸಿ, ನಂಬಬೇಡಿ.