ಜಾತ್ರಿ ಕುಸ್ತಿಗೆ ಜೋಡಿ ಹಚ್ಚುವವರ ಕೈಪಿಡಿ

ಅಭಿನಂದನೆಗಳು! ಈ ವರ್ಷ ಜೋಡಿ ಹಚ್ಚುವ ಹೊಣೆಯನ್ನು ಜಾತ್ರಾ ಕಮಿಟಿ ನಿಮ್ಮ ಹೆಗಲಿಗೇರಿಸಿದೆ. ಕಣಕ್ಕಿಳಿಯುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಇದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಮಣ್ಣಿಗೆಂದೇ ತಯಾರಾದದ್ದು. ಮ್ಯಾಟಿನ ಮೇಲೆ ಕೆಲಸ ಮಾಡುವುದಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಮಜ್ಜಿಗೆ, ಲಿಂಬೆರಸ, ಅರಿಶಿನ, ಎಣ್ಣೆ ಕುಡಿದ ಕೆಂಪು ಮಣ್ಣಿನ ಕಣ ಒಂದು. ಹಲಗಿ ಎರಡು. ಪಟಕಾ ಸುತ್ತಿದ ಪಂಚರು ನಾಲ್ವರು. ಪಟಕಾ ಇಲ್ಲದೆಯೂ ತೀರ್ಪು ಕೊಡುವವರು ಸುತ್ತಲೂ ಕೂತಷ್ಟು.

ತೂಕದ ಯಂತ್ರ ಇದರಲ್ಲಿಲ್ಲ. ಅದು ಒಲಿಂಪಿಕ್ ಮಾದರಿಯ ಜೊತೆ ಬರುತ್ತದೆ. ಅಲ್ಲಿ ಪುರುಷರ ಫ್ರೀಸ್ಟೈಲ್‌ಗೆ 57ರಿಂದ 125 ಕಿಲೋವರೆಗೆ ಆರು ವಿಭಾಗ, ಮೂರು ಮೂರು ನಿಮಿಷದ ಎರಡು ಸುತ್ತು. ಮುಳ್ಳು ನಿಂತಲ್ಲಿಗೆ ವಾದವೂ ನಿಂತಿತು. ನಿಮ್ಮದು ಜಂಗಿ ನಿಕಾಲಿ. ಬೆನ್ನು ಮಣ್ಣಿಗೆ ಹತ್ತುವ ತನಕ ಕುಸ್ತಿ. ಜೋಡಿ ತಪ್ಪಿತೋ, ಆಟ ಹಲಗಿಯವನು ಕೋಲು ಎತ್ತುವುದರೊಳಗೆ ಮುಗಿಯುತ್ತದೆ, ಇಲ್ಲವೇ ಮುಗಿಯುವುದೇ ಇಲ್ಲ.

ಹಂತ 1: ಕಿವಿ ನೋಡಿ

ಪೈಲ್ವಾನನ ವಯಸ್ಸು ಕೇಳಬೇಡಿ. ಅದು ಎದುರಾಳಿಯನ್ನು ನೋಡಿ ಹೆಚ್ಚುಕಡಿಮೆ ಆಗುತ್ತದೆ. ಕಿವಿ ಸುಳ್ಳು ಹೇಳುವುದಿಲ್ಲ. ಮಡಚಿ ಗಟ್ಟಿಯಾದ ಕಿವಿ ಎಂದರೆ ತಾಲೀಮಿನಲ್ಲಿ ವರ್ಷಗಟ್ಟಲೆ ತಲೆ ಉಜ್ಜಿದ ದಾಖಲೆ. ಆಮೇಲೆ ಕುತ್ತಿಗೆ, ಆಮೇಲೆ ತಾಲೀಮಿನ ಹೆಸರು. ಕೊಲ್ಹಾಪುರದ ಗಂಗಾವೇಶ, ಮೋತಿಬಾಗ ಎಂಬ ಮಾತು ಬಂದರೆ, ಹುಡುಗ ಎಷ್ಟೇ ಸಣಕಲಿದ್ದರೂ ಒಂದು ಮೆಟ್ಟಿಲು ಮೇಲೆ ಬರೆದುಕೊಳ್ಳಿ. ಶಾಹು ಮಹಾರಾಜರು ಖಾಸಬಾಗ ಮೈದಾನ ಕಟ್ಟಿಸಿದ ಊರದು. ಅಲ್ಲಿ ಸೋತು ಬಂದವನೂ ಇಲ್ಲಿ ಭಾರೀ.

ಹಂತ 2: ತಡೆಯುವವನ ಎದುರು ಹೊಡೆಯುವವನು

ತೂಕ ಸರಿಹೊಂದಿದ ಮಾತ್ರಕ್ಕೆ ಜೋಡಿ ಸರಿಹೊಂದಲಿಲ್ಲ. ಕೆಲವರು ಢಾಕ, ಘಿಸ್ಸಾದಂಥ ಪಟ್ಟು ಹಾಕಲು ಮೈಮೇಲೆ ಬೀಳುವವರು. ಕೆಲವರು ಕಾಲೂರಿ ನಿಂತು ಬರೀ ತಡೆಯುವವರು. ತಡೆಯುವವರಿಬ್ಬರನ್ನು ಜೋಡಿಸಿದರೆ ಜನ ಎದ್ದು ಮಿರ್ಚಿ ಅಂಗಡಿಗೆ ಹೋಗುತ್ತಾರೆ, ಪಂಚರು ಬರಾಬರಿ ಎಂದು ಕೈ ಎತ್ತುತ್ತಾರೆ. ಗಟ್ಟಿ ತಡೆಯುವವನಿಗೆ ಸೀಮೆಯ ಅತಿ ಚುರುಕಿನ ಹೊಡೆಯುವವನನ್ನೇ ಹಚ್ಚಿ. ಅವನ ತಡೆ ಎಷ್ಟು ಗಟ್ಟಿ ಎಂಬುದು ಆಗಲೇ ಗೊತ್ತಾಗುವುದು; ಬಡಪಾಯಿಗಳನ್ನು ತಡೆದವನ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಹಂತ 3: ಒಂದು ಗೇಣು ಮೇಲೆ

ಇದೇ ಕೈಪಿಡಿಯ ಜೀವಾಳ. ಬೆಳೆಯುವ ಹುಡುಗನಿಗೆ ತನಗಿಂತ ಒಂದು ಗೇಣು ಮೇಲಿನವನನ್ನು ಹಚ್ಚಿ. ಎರಡು ಗೇಣಾದರೆ ಮೂಳೆ ಮುರಿದೀತು, ಒಂದು ಗೇಣು ಕೆಳಗಾದರೆ ತಲೆ ತಿರುಗೀತು. ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಪಂಜಾಬಿನ ಬಂತಾ ಸಿಂಗ್‌ನನ್ನು ಕೆಡವಿ ಹಿಂದ್ ಕೇಸರಿ ಆದರು. ಯಕ್ಸಂಬಾದವರನ್ನೇ ಕೆಡವುತ್ತ ಕೂತಿದ್ದರೆ ಯಕ್ಸಂಬಾ ಕೇಸರಿ ಆಗಿರುತ್ತಿದ್ದರು.

ಎಚ್ಚರಿಕೆ: ಊರ ಹುಡುಗ

ಹೊರಗಿನ ಪೈಲ್ವಾನರು ಬಂದು ಕೂತ ಮೇಲೆ, ನಮ್ಮವನಿಗೆ ಯಾರು ಹಗುರ ಎಂದು ಹುಡುಕುವ ಚಟ ಎಲ್ಲ ಕಮಿಟಿಗಳಿಗೂ ಇದೆ. ಐಸ್ ಹಾಕಿಯಲ್ಲಿ ಇದನ್ನು ನಿಯಮವನ್ನೇ ಮಾಡಿಟ್ಟಿದ್ದಾರೆ: ಆಟ ನಿಂತಾಗ ಎದುರಾಳಿ ಯಾರನ್ನು ಇಳಿಸಿದ ಎಂದು ನೋಡಿಕೊಂಡು, ತನ್ನ ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕು ಆತಿಥೇಯ ಕೋಚ್‌ಗೆ ಇರುತ್ತದೆ. ಅಲ್ಲಿ ಅದು ತಂತ್ರ. ಇಲ್ಲಿ ಮಾಡಿದರೆ ಮೀರಜ್ ಕಡೆಯವರು ಮುಂದಿನ ವರ್ಷ ಕಾಗವಾಡಕ್ಕೆ ಕಾಲಿಡುವುದಿಲ್ಲ. ಮೈಸೂರಿನವರ ಉಪಾಯ ಒಳ್ಳೆಯದು: ದಸರೆಗೆ ಮುಂಚೆಯೇ ಸಾಹುಕಾರ್ ಚೆನ್ನಯ್ಯ ಅಖಾಡದಲ್ಲಿ ಎಲ್ಲರೆದುರು ಜೋಡಿ ಕಟ್ಟುತ್ತಾರೆ, ಜಗಳ ಅಲ್ಲೇ ಆಡಿ ಮುಗಿಸುತ್ತಾರೆ.

ದೋಷ ಮತ್ತು ಪರಿಹಾರ

ದೋಷ: ಹುಡುಗನಿಗೆ ಕುಸ್ತಿ ಕಲಿಸಿದ ವಸ್ತಾದರು “ಈ ಜೋಡಿ ಆಗೂದಿಲ್ರೀ” ಎನ್ನುತ್ತಾರೆ. ಪರಿಹಾರ: ಹುಡುಗನನ್ನು ಕೇಳಿ. ಅವನು ಆಗಲೇ ಅಂಗಿ ಬಿಚ್ಚಿರುತ್ತಾನೆ.

ದೋಷ: ದೊಡ್ಡ ಮನುಷ್ಯರೊಬ್ಬರು ಬಹುಮಾನ ಹೆಚ್ಚಿಸುತ್ತೇನೆ, ಜೋಡಿ ಬದಲಿಸಿ ಎನ್ನುತ್ತಾರೆ. ಪರಿಹಾರ: ಬಹುಮಾನ ಹೆಚ್ಚಿಸಿ, ಜೋಡಿ ಬದಲಿಸಬೇಡಿ. ಮೈಕಿನಲ್ಲಿ ಅವರ ಹೆಸರನ್ನು ಮೂರು ಸಲ ಕನ್ನಡದಲ್ಲಿ, ಮೂರು ಸಲ ಮರಾಠಿಯಲ್ಲಿ ಹೇಳಿ.

ದೋಷ: ಯಾರು ಗೆಲ್ಲುತ್ತಾರೆ ಎಂದು ಯಾರಿಗೂ ಗೊತ್ತಾಗುತ್ತಿಲ್ಲ. ಪರಿಹಾರ: ಇದು ದೋಷವಲ್ಲ. ಯಂತ್ರ ಸರಿಯಾಗಿ ಓಡುತ್ತಿದೆ, ಕೈ ಹಚ್ಚಬೇಡಿ.

ನಿರ್ವಹಣೆ

ಗೆದ್ದವನಿಗೆ ಮುಂದಿನ ಜೋಡಿ ತಾನಾಗಿ ಸಿಗುತ್ತದೆ. ಅವನ ಚಿಂತೆ ಬಿಡಿ. ಸೋತ ಹುಡುಗ ಎಷ್ಟು ಹೊತ್ತು ತಡೆದ, ಯಾವ ಪಟ್ಟಿಗೆ ಬಿದ್ದ ಎಂಬುದನ್ನು ವಹಿಯಲ್ಲಿ ಬರೆದಿಡಿ. ಮುಂದಿನ ಜಾತ್ರೆಯ ಪಟ್ಟಿ ಹಿಡಿದು ಕೂತಾಗ ಮೊದಲು ಅವನ ಹೆಸರನ್ನೇ ಬರೆಯಿರಿ, ಮತ್ತೆ ಒಂದು ಗೇಣು ಮೇಲೆ.