ವಸೂಲಿರಾಯರ ವೈಟ್‌ಫೀಲ್ಡ್ ವಾಸ

ವೈಟ್‌ಫೀಲ್ಡ್ ಕಡೆಯ ದೊಡ್ಡ ಹೋಟೆಲುಗಳಿಗೆ ಎರಡು ಜಾತಿಯ ಗಿರಾಕಿಗಳು. ಸೋಮವಾರದಿಂದ ಗುರುವಾರದವರೆಗೆ ಬರುವವರು ಕೊರಳಿಗೆ ಕಂಪನಿಯ ಪಟ್ಟಿ ಬಿಗಿದುಕೊಂಡ ಜನ. ರಾತ್ರಿ ಹತ್ತಕ್ಕೆ ಬರುತ್ತಾರೆ. ಬೆಳಿಗ್ಗೆ ಏಳಕ್ಕೆ ಎರಡು ಮೊಟ್ಟೆಯ ಬಿಳಿಭಾಗವನ್ನಷ್ಟೇ ತಿಂದು, ಗಾಳಿಯ ಜೊತೆ ಮಾತಾಡುತ್ತಾ ಓಡುತ್ತಾರೆ. ಮಲಗಿದ್ದ ಮಂಚದ ಮೇಲೆ ಎಷ್ಟು ದಿಂಬಿದ್ದವು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಬಿಲ್ಲು ಯಾರೋ ಕಟ್ಟುತ್ತಾರೆ. ಶುಕ್ರವಾರ ಸಂಜೆ ಇವರೆಲ್ಲ ವಿಮಾನ ಹತ್ತಿದರೆಂದರೆ ಮಹಡಿಗೆ ಮಹಡಿಯೇ ಭಣಭಣ. ಶನಿವಾರ ಮಾರಾಟವಾಗದ ಕೋಣೆಯನ್ನು ಉಪ್ಪಿನಕಾಯಿ ಹಾಕಿಡಲು ಬರುವುದಿಲ್ಲ. ಹಾಗಾಗಿ ಹೋಟೆಲಿನವರು ವಾರಾಂತ್ಯಕ್ಕೆ ದರ ಇಳಿಸುತ್ತಾರೆ. ಆಗ ದಯಮಾಡಿಸುತ್ತಾರೆ ನಮ್ಮ ವಸೂಲಿರಾಯರು.

ಹೆಸರು ನಾನಿಟ್ಟದ್ದು. ನಿಮ್ಮ ಮನೆಯಲ್ಲಿ ಅವರನ್ನು ಅಪ್ಪ ಎಂದೋ ಮಾವ ಎಂದೋ ಕರೆಯುತ್ತಿರಬಹುದು. ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ನಿವೃತ್ತರಾದವರು. ಸೇವಾವಧಿಯನ್ನೆಲ್ಲ ಬೇರೆಯವರ ಟಿ.ಎ. ಬಿಲ್ಲಿನ ಮೇಲೆ ಕೆಂಪು ಶಾಯಿಯಲ್ಲಿ ಆಕ್ಷೇಪಣೆ ಬರೆದು ಕಳೆದವರು. ಮಗ ಐಟಿಪಿಎಲ್ ಕಡೆ ಏನೋ ಕೆಲಸದಲ್ಲಿದ್ದಾನೆ. ಏನು ಕೆಲಸ ಎಂದು ರಾಯರು ಎರಡು ಸಲ ಕೇಳಿ, ಅರ್ಥವಾಗದೆ, ಸಂಬಳವನ್ನಷ್ಟೇ ಕೇಳಿ ತಿಳಿದುಕೊಂಡಿದ್ದಾರೆ. ಅಪ್ಪನಿಗೆ 70 ತುಂಬಿದಾಗ ಮಗ ಭೀಮರಥ ಶಾಂತಿಯ ಮಾತೆತ್ತಿದ. ದಂಡದ ಖರ್ಚು ಎಂದರು ರಾಯರು. ಮಗ ಅವರನ್ನು ಕೇಳದೆಯೇ ಮನೆಯ ಹತ್ತಿರದ ದೊಡ್ಡ ಹೋಟೆಲಿನಲ್ಲಿ ಅಪ್ಪ ಅಮ್ಮನಿಗೆ ಒಂದು ರಾತ್ರಿಯ ಕೋಣೆ ಹಿಡಿದುಬಿಟ್ಟ. ರಾಯರು ಹೋಗುವುದೇ ಇಲ್ಲವೆಂದು ಕುಳಿತರು. ಆಮೇಲೆ ಮಗನ ಮೊಬೈಲಿನಲ್ಲಿ, ಕೋಣೆ ರದ್ದು ಮಾಡಿದರೆ ಹಣ ವಾಪಸ್ಸಿಲ್ಲ ಎಂಬ ಸಾಲು ಕಣ್ಣಿಗೆ ಬಿತ್ತು. ಅರ್ಧ ಗಂಟೆಯಲ್ಲಿ ಬ್ಯಾಗು ಸಿದ್ಧವಾಗಿತ್ತು.

ಮನೆಯಿಂದ ಹೋಟೆಲಿಗೆ ಎರಡು ಕಿಲೋಮೀಟರ್. ಶನಿವಾರವಾದ್ದರಿಂದ ಮೂವತ್ತೈದು ನಿಮಿಷದಲ್ಲೇ ತಲುಪಿದರು.

ಹೋಟೆಲಿನ ಮುಂಗಟ್ಟೆಯಲ್ಲಿ ನಿಂತ ಹುಡುಗಿ ಮಣಿಪುರದವಳು. ಕೈಮುಗಿದು “ನಮಸ್ಕಾರ ಸರ್, ಊಟ ಆಯ್ತಾ?” ಎಂದಳು. ರಾಯರು ಕರಗಿದರು, ಆದರೆ ಲೆಕ್ಕದಲ್ಲಿ ಅಲ್ಲ. “ನೋಡಮ್ಮ, ಕೋಣೆಗೆ 8,000. 7,500 ದಾಟಿದ್ದಕ್ಕೆ ನೂರಕ್ಕೆ 18 ತೆರಿಗೆ. ಅದೇ 7,500ಕ್ಕೆ ಕೊಟ್ಟರೆ ಬರೀ 5. ಈ ಕಡೆ 9,440 ಆಗುತ್ತೆ, ಆ ಕಡೆ 7,875. ನೀನು ಐನೂರು ಬಿಟ್ಟರೆ ನನಗೆ ಸಾವಿರದೈನೂರ ಅರವತ್ತೈದು ಉಳಿಯುತ್ತಮ್ಮ.” ಹುಡುಗಿ ನಕ್ಕಳು. ರಾಯರು ಬಿಡಲಿಲ್ಲ. 7,500ಕ್ಕೂ 7,501ಕ್ಕೂ ಇರುವ ಒಂದು ರೂಪಾಯಿ ವ್ಯತ್ಯಾಸಕ್ಕೆ ಗಿರಾಕಿ ತೆರಬೇಕಾದದ್ದು 976 ರೂಪಾಯಿ ಎಂದು ಅಲ್ಲೇ ಇದ್ದ ಕಾಗದದ ಮೇಲೆ ಗುಣಿಸಿ ತೋರಿಸಿದರು. ಲೆಕ್ಕ ಸರಿಯಾಗಿತ್ತು, ನಾನೂ ನೋಡಿದೆ. ಅವಳು “ಆನ್‌ಲೈನ್ ಬುಕಿಂಗ್ ಸರ್” ಎಂದಳು. ಅಲ್ಲಿಗೆ ವಾದ ಮುಗಿಯಿತು. ಈಚೆಗೆ ಎಲ್ಲ ವಾದಗಳೂ ಹೀಗೇ ಮುಗಿಯುವುದು.

ಆಧಾರ್ ಕಾರ್ಡು ಕೊಟ್ಟು ಕಾಯುವಾಗ ಅವಳಿಗೆ ಊರಿನ ಪುರಾಣವೂ ಆಯಿತು. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡು ನೆಲೆ ನಿಲ್ಲಲಿ ಎಂದು ಚಾಮರಾಜೇಂದ್ರ ಒಡೆಯರು ಜಮೀನು ಕೊಡಿಸಿದ ಊರಮ್ಮ ಇದು, ವೈಟ್ ಅನ್ನೋ ದೊರೆಯ ಹೆಸರು. “ಮಹಾರಾಜರು ದಾನ ಕೊಟ್ಟ ನೆಲದಲ್ಲಿ ಮಲಗೋಕೆ ನಾವು ತೆರಿಗೆ ಸೇರಿಸಿ 9,440 ಕೊಡ್ತಾ ಇದೀವಿ.” ಹುಡುಗಿ “ವಾವ್ ಸರ್” ಎಂದು ಕೋಣೆಯ ಕಾರ್ಡು ಕೊಟ್ಟಳು.

ಲಿಫ್ಟಿನಲ್ಲಿ ಮುಖ್ಯವಾದ ಲೆಕ್ಕ ನಡೆಯಿತು. ಕೋಣೆ ಸಿಗುವುದು ಮಧ್ಯಾಹ್ನ ಮೂರಕ್ಕೆ, ಬಿಡಬೇಕಾದದ್ದು ಮರುದಿನ ಹನ್ನೆರಡಕ್ಕೆ. 21 ಗಂಟೆ. 9,440ನ್ನು 21ರಿಂದ ಭಾಗಿಸಿದರೆ ಗಂಟೆಗೆ ಹೆಚ್ಚುಕಡಿಮೆ 450 ರೂಪಾಯಿ. ಹನ್ನೊಂದನೆಯ ಮಹಡಿಗೆ ಬರುವ ಹೊತ್ತಿಗೆ ನಿಮಿಷಕ್ಕೆ ಏಳೂವರೆ ಎಂದೂ ಇತ್ಯರ್ಥವಾಗಿತ್ತು. ಅಲ್ಲಿಂದ ಮುಂದೆ ರಾಯರ ಬದುಕಿನಲ್ಲಿ ಕಾಲವೆಂಬುದು ಆಟೋ ಮೀಟರಿನ ಹಾಗೆ ಓಡತೊಡಗಿತು.

ಕೋಣೆಗೆ ಕಾಲಿಟ್ಟವರೇ ಅವರು ಮಾಡಿದ್ದು ಪಂಚನಾಮೆ. ದಿಂಬು ಎಂಟು, ತಲೆ ಎರಡು. ಟೀವಿ ಒಂದು, ಮೂವತ್ತೆಂಟು ವಾಹಿನಿಗಳಲ್ಲಿ ಕನ್ನಡದ್ದು ಮೂರು. ಕಿಟಕಿ ಗೋಡೆಯಷ್ಟೇ ದೊಡ್ಡದು, ತೆರೆಯಲು ಬರುವುದಿಲ್ಲ. ಅದರಾಚೆ ಮೆಟ್ರೋ ಹಳಿ, ಅದರಾಚೆ ಗಾಜಿನ ಕಟ್ಟಡಗಳು, ಎರಡು ಕಟ್ಟಡಗಳ ಸಂದಿಯಲ್ಲಿ ಅವರದೇ ಅಪಾರ್ಟ್‌ಮೆಂಟ್. ಕಣ್ಣು ಕಿರಿದು ಮಾಡಿ ನೋಡಿದರೆ ಆರನೆಯ ಮಹಡಿಯ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಪಂಚೆಯೂ ಕಾಣುತ್ತಿತ್ತು. ಪಂಚೆ ಪುಕ್ಕಟೆಯಾಗಿ ಗಾಳಿ ಕುಡಿಯುತ್ತಿತ್ತು. ಅದರ ಯಜಮಾನರು ಗಂಟೆಗೆ 450ರಂತೆ ಅದನ್ನು ನೋಡುತ್ತಿದ್ದರು. ಸಂಜೆ ಮೋಡ ಕವಿದಾಗ ಪಕ್ಕದ ಮನೆಯವರಿಗೆ ಫೋನು ಮಾಡಿ, ಬಟ್ಟೆ ಒಳಗೆ ಎಳೆದುಕೊಳ್ಳಲು ಹೇಳಿದರು. ಎಲ್ಲಿದ್ದೀರಿ ಎಂದು ಅವರು ಕೇಳಿದ್ದಕ್ಕೆ “ಹೊರಗೆ ಬಂದಿದೀವಿ” ಎಂದರು. ಎದುರಿಗೇ ಇದ್ದೇವೆ ಎಂದು ಹೇಳುವುದು ಹೇಗೆ?

ಬಚ್ಚಲುಮನೆ ಇನ್ನೊಂದು ಅಧ್ಯಾಯ. ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಗಾಜಿನ ಗೋಡೆ. ಇದನ್ನು ಯಾರು, ಯಾವ ಸಂಸಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರೋ ನನಗಂತೂ ಇವತ್ತಿಗೂ ಬಗೆಹರಿದಿಲ್ಲ. ಪರದೆ ಇಳಿಸುವ ಗುಂಡಿ ಎಲ್ಲೋ ಇರುತ್ತದೆ, ಸಿಗುವುದಿಲ್ಲ. ಮನೆಯವರು ತಮ್ಮ ಒಂದು ಸೀರೆಯನ್ನು ಗಾಜಿನ ಉದ್ದಕ್ಕೂ ಇಳಿಬಿಟ್ಟು ಮಾನ ಕಾಪಾಡಿದರು. ರಾಯರು ಫೋನೆತ್ತಿ ಬಕೆಟ್ಟು, ಚೊಂಬು ಕೇಳಿದರು. ಐದು ನಿಮಿಷದಲ್ಲಿ ಎರಡೂ ಬಂದವು. ತಂದ ಹುಡುಗ, ಎಲ್ಲರೂ ಕೇಳ್ತಾರೆ ಸರ್ ಎಂದು ಸಮಾಧಾನ ಹೇಳಿದ. ಅಷ್ಟಾದರೂ ಟಬ್ಬನ್ನು ಬಿಡುವ ಹಾಗಿಲ್ಲವಲ್ಲ. ಪುಟ್ಟ ಸೀಸೆಯಲ್ಲಿದ್ದದ್ದನ್ನು ಪೂರ್ತಿ ಸುರಿದು ನಲ್ಲಿ ತಿರುಗಿಸಿದರು. ನೊರೆ ಏರಿತು, ಟಬ್ಬು ದಾಟಿತು, ನೆಲಕ್ಕಿಳಿಯಿತು. “ಇವಳೇ, ಬಾ ನೋಡು, ವರ್ತೂರು ಕೆರೆ ಬಂದಿದೆ” ಎಂದು ಕೂಗಿದರು. 2015ರಲ್ಲಿ ವರ್ತೂರು ಕೋಡಿಯ ನೊರೆ ಉಕ್ಕಿ ರಸ್ತೆಗೆ ಹಾರಿ ಸ್ಕೂಟರಿನವರ ಮುಖಕ್ಕೆ ಮೆತ್ತಿಕೊಳ್ಳುತ್ತಿದ್ದದ್ದನ್ನು ಕಂಡವರು ಅವರು. ಅದು ಉಚಿತವಾಗಿತ್ತು ಎಂಬುದನ್ನೂ ಸೇರಿಸಿದರು.

ಮಾಳಿಗೆಯ ಮೇಲಿನ ಈಜುಕೊಳಕ್ಕೆ ಚಡ್ಡಿ ಬನಿಯನ್ನಿನಲ್ಲಿ ಇಳಿಯಗೊಡಲಿಲ್ಲ. ನೈಲಾನ್ ಉಡುಪೇ ಆಗಬೇಕಂತೆ. ರಾಯರು ದಡದಲ್ಲಿ ಕೂತು ಮೊಣಕಾಲಿನವರೆಗೆ ಅದ್ದಿಕೊಂಡು, ವಸೂಲಿಯ ಲೆಕ್ಕ ಬರೆಯುತ್ತಿದ್ದ ವಹಿಯಲ್ಲಿ ಈಜುಕೊಳಕ್ಕೂ ಒಂದು ಗುರುತು ಹಾಕಿಕೊಂಡರು.

ರಾತ್ರಿಯ ಊಟಕ್ಕೆ ಹೋಟೆಲಿನ ಒಳಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಇಂಥ ಹೋಟೆಲಿನ ಒಳಗಿನ ಊಟಕ್ಕೆ ತೆರಿಗೆ 18, ರಸ್ತೆಯ ದರ್ಶಿನಿಯಲ್ಲಿ 5. ಅದೂ ಬೇಕಿರಲಿಲ್ಲ. ಮನೆಯವರು ಪುಳಿಯೋಗರೆ, ಮೊಸರನ್ನ ಎರಡನ್ನೂ ಡಬ್ಬಿಯಲ್ಲಿ ತಂದಿದ್ದರು. ಅದಕ್ಕೆ ಮೇಜಿನ ಮೇಲಿದ್ದ ಉಚಿತ ಪುಡಿಯ ಕಾಫಿ ನಾಲ್ಕು ಕಪ್. ಪುಟ್ಟ ಫ್ರಿಜ್ಜಿನ ಬಾಗಿಲನ್ನು ರಾಯರು ಒಮ್ಮೆ ತೆರೆದು, ಒಳಗಿನ ಗೋಡಂಬಿ ಪೊಟ್ಟಣದ ಬೆಲೆಪಟ್ಟಿ ಓದಿ, ಹಾವು ಕಂಡವರಂತೆ ಮುಚ್ಚಿದ್ದರು. ಮಗು ಮುಟ್ಟೀತು ಎಂದು ಅದರ ಮುಂದೆ ಕುರ್ಚಿಯನ್ನೂ ಸರಿಸಿದರು. ಮಗು ಯಾವುದೂ ಬಂದಿರಲಿಲ್ಲ. ಕೆಳಗೆ ಅಡ್ಡಾಡಿ ಬರಲು ಹೊರಟಾಗ ಬಾಗಿಲ ಬಳಿಯ ಕಿಂಡಿಯಿಂದ ಕಾರ್ಡು ತೆಗೆದರೆ ಎ.ಸಿ. ನಿಂತುಹೋಗುತ್ತದೆಂದು ಗೊತ್ತಾಯಿತು. ಬಾಡಿಗೆಯಲ್ಲಿ ಎ.ಸಿ.ಯೂ ಸೇರಿದೆಯಲ್ಲ! ಹಿರಿಯ ನಾಗರಿಕರ ಗುರುತಿನ ಚೀಟಿಯನ್ನು ಆ ಕಿಂಡಿಗೆ ತೂರಿಸಿ ಹೋದರು. ಅವರಿಲ್ಲದ ಕೋಣೆ ಒಂದು ಗಂಟೆ ತಂಪಾಗಿ ಉಳಿಯಿತು.

ನಿಜವಾದ ಧರ್ಮಸಂಕಟ ಬಂದದ್ದು ಮಲಗುವಾಗ. ಆರು ಗಂಟೆ ನಿದ್ದೆ ಮಾಡಿದರೆ 2,700 ರೂಪಾಯಿ ಕಣ್ಣುಮುಚ್ಚಿ ಕಳೆದಂತೆ. ಎದ್ದಿದ್ದರೆ ಅಂಥ ಹಾಸಿಗೆ ಹಾಳು. ರಾಯರು ನಡುದಾರಿ ಹಿಡಿದು, ಹಾಸಿಗೆಯ ಮೇಲೆ ಮಲಗಿ ಎಚ್ಚರವಾಗಿದ್ದರು.

ಇಷ್ಟು ಹೊತ್ತು ನಕ್ಕಿದ್ದೇವೆ, ಆದರೆ ಇವರನ್ನು ಜಿಪುಣ ಎಂದರೆ ನಾನು ಒಪ್ಪುವುದಿಲ್ಲ. ರಾಯರು ಬೆಂಗಳೂರಿಗೆ ಕಚೇರಿ ಕೆಲಸಕ್ಕೆ ಬರುತ್ತಿದ್ದ ಕಾಲದಲ್ಲಿ ಇಳಿಯುತ್ತಿದ್ದದ್ದು ಗಾಂಧಿನಗರದ ಲಾಡ್ಜಿನಲ್ಲಿ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು, ಆಮೇಲೆ ಕೇಳಿದರೆ ಮ್ಯಾನೇಜರು ಗಡಿಯಾರ ತೋರಿಸುತ್ತಿದ್ದ. ವೆಸ್ಟ್ ಎಂಡ್ ಹೋಟೆಲು 1887ರಿಂದಲೂ ರೇಸ್‌ಕೋರ್ಸ್ ರಸ್ತೆಯಲ್ಲಿತ್ತು. ರಾಯರು ನೋಡಿದ್ದು ಬಸ್ಸಿನ ಕಿಟಕಿಯಿಂದ ಅದರ ಮರಗಳನ್ನು ಮಾತ್ರ. ಲಾಡ್ಜಿನ ರಸೀದಿಯೇ ಭತ್ಯೆಯ ಮಿತಿ ದಾಟಿದರೆ ತಮ್ಮದೇ ಬಿಲ್ಲಿಗೆ ತಾವೇ ಆಕ್ಷೇಪಣೆ ಹಾಕಿಕೊಂಡವರು. ಹೀಗೆ ಪಳಗಿದ ಮನುಷ್ಯನಿಗೆ ಸುಖ ಕೊಟ್ಟರೆ ಆತ ಮೊದಲು ಹುಡುಕುವುದು ಅದರ ಮಂಜೂರಾತಿ ಪತ್ರವನ್ನು. ವಾರದ ನಡುವೆ ಬರುವ ಕೊರಳಪಟ್ಟಿಯವರಿಗೆ ಹೋಲಿಸಿದರೆ, ಆ ಹೋಟೆಲಿನಲ್ಲಿ ಏನೇನಿದೆ ಎಂದು ನಿಜವಾಗಿ ಕಂಡವರು ಇವರೊಬ್ಬರೇ ಎಂಬುದು ನನ್ನ ಗುಮಾನಿ.

ಬೆಳಗಿನ ತಿಂಡಿಗೆ ಬಾಗಿಲು ತೆರೆಯುವುದು ಆರೂವರೆಗೆ. ಆರು ಇಪ್ಪತ್ತಕ್ಕೇ ರಾಯರು ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು ಬಾಗಿಲಲ್ಲಿದ್ದರು. ಕೆಳಗಿಳಿಯುವ ಮುನ್ನ ಬಚ್ಚಲಿನ ತೂಕದ ಯಂತ್ರ ಹತ್ತಿದ್ದರು: 68.2 ಕಿಲೋ.

ತಟ್ಟೆ ಹಿಡಿಯದೆ ಮೊದಲೊಂದು ಪ್ರದಕ್ಷಿಣೆ. ಅನುಭವಸ್ಥರ ಲಕ್ಷಣವಿದು. “ಇಡ್ಲಿ, ಉಪ್ಪಿಟ್ಟು, ಬ್ರೆಡ್ಡನ್ನ ಬಾಗಿಲ ಹತ್ರ ಇಟ್ಟಿದಾರೆ ನೋಡು. ಅಗ್ಗದ್ದರಲ್ಲೇ ಹೊಟ್ಟೆ ತುಂಬಿಸೋ ಹುನ್ನಾರ. ತಟ್ಟೇನೂ ಸಣ್ಣದು” ಎಂದು ಮನೆಯವರನ್ನು ಎಚ್ಚರಿಸಿ, ಒಳಗಿನ ಮೂಲೆಗೆ ನಡೆದರು. ಬಾದಾಮಿ, ಅಂಜೂರ, ಹೊರದೇಶದ ಹಣ್ಣು. ಆಮೇಲೆ ನೀಲಿ ಗೆರೆಯ ಚೀಸು. ವಾಸನೆಗೆ ಮೂಗು ಮುದುಡಿತು; ಆದರೂ ಇಂಥದಕ್ಕೆ ಅಂಗಡಿಯಲ್ಲಿ ಬೆಲೆ ಎಷ್ಟೆಂದು ಕೇಳಿ ತಿಳಿದು, ಎರಡು ತುಂಡು ಔಷಧಿಯಂತೆ ನುಂಗಿದರು. ಅದೇ ಬೂಷ್ಟು ಮನೆಯ ಮೊಸರಿನ ಮೇಲೆ ಕಂಡಿದ್ದರೆ ಇಡೀ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ವಿಚಾರಣೆ ನಡೆಸುತ್ತಿದ್ದರು.

ದೋಸೆ ಕಾವಲಿಯ ಮುಂದೆ ಮಾತ್ರ ಎಲ್ಲ ತಂತ್ರವೂ ಮರೆತುಹೋಯಿತು. “ಯಾವೂರಪ್ಪ?” “ಬೈಂದೂರು ಸರ್.” ಅಷ್ಟೇ. ಬಿಳಿ ಉದ್ದ ಟೋಪಿಯ ಆ ಹುಡುಗ ಫಲಕದಲ್ಲಿ ಬರೆದಿದ್ದ ಪುಟಾಣಿ ದೋಸೆಯನ್ನು ಬಿಟ್ಟು, ಕಾವಲಿ ತುಂಬ ಹಿಟ್ಟು ಹರಡಿ, ತುಪ್ಪ ಸುರಿದು, ಊರ ಕಡೆಯ ದೋಸೆ ಹುಯ್ದ. ರಾಯರು ಮೂರು ತಿಂದರು. ಅಗ್ಗದ ಪದಾರ್ಥ, ಲೆಕ್ಕಕ್ಕೆ ನಷ್ಟ. ಅದಕ್ಕೂ ಮಿಗಿಲಾಗಿ, ಯಾರೂ ನೋಡದ ಹೊತ್ತಿನಲ್ಲಿ ಆ ಹುಡುಗನ ಕೈಗೆ ಐನೂರರ ಒಂದು ನೋಟು ತುರುಕಿದರು. ಇದು ವಹಿಯಲ್ಲಿ ಎಲ್ಲೂ ದಾಖಲಾಗಲಿಲ್ಲ.

ಮೇಲೆ ಬಂದು ಮತ್ತೆ ಯಂತ್ರ ಹತ್ತಿದರು: 69.3. ವಸೂಲಿಗೆ ಇದಕ್ಕಿಂತ ಪಕ್ಕಾ ರಸೀದಿ ಎಲ್ಲಿ ಸಿಕ್ಕೀತು? ಆದರೆ ಆ ಸಂತೋಷ ನಿಲ್ಲಲಿಲ್ಲ. ನೋಡಿದರೆ ಮನೆಯವರು ಹಾಸಿಗೆಯ ಸುಕ್ಕು ತೆಗೆದು, ಹೊದಿಕೆ ಮಡಚಿ, ಎಂಟು ದಿಂಬನ್ನೂ ಸಾಲಾಗಿ ಜೋಡಿಸಿ, ಈಗ ಬಚ್ಚಲಿನ ನೆಲ ಒರೆಸುತ್ತಿದ್ದಾರೆ.

“ಏನೇ ಇದು? ಅದಕ್ಕೆ ಅಂತ್ಲೇ ಜನ ಇದಾರೆ. ಅವರ ಸಂಬಳಾನೂ ನಮ್ಮ 450ರಲ್ಲೇ ಸೇರಿದೆ!”

“ಇರಲಿ ಬಿಡಿ. ಆ ಮಕ್ಕಳು ಬಂದಾಗ ಹಾಸಿಗೆ ಹರಡಿಕೊಂಡಿದ್ರೆ ನಮ್ಮನ್ನ ಏನಂದುಕೊಂಡಾರು?”

ರಾಯರು ಏನೋ ಹೇಳಲು ಬಾಯಿ ತೆರೆದು, ಹೇಳಲಾಗದೆ, ಕಾಫಿಪುಡಿ ಸಕ್ಕರೆಯ ಚೀಟಿಗಳು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಬಿಳಿ ಚಪ್ಪಲಿಗಳನ್ನು ಬ್ಯಾಗಿಗೆ ತುಂಬಿದರು. ಟವೆಲ್ಲನ್ನು ಮುಟ್ಟಲಿಲ್ಲ, ಅದು ಕಳ್ಳತನ. ಈ ಗೆರೆ ಅವರಿಗೆ ಬಲು ಸ್ಪಷ್ಟ.

ಕರೆದೊಯ್ಯಲು ಬಂದ ಮಗ ಕೆಳಗೆ ಕಾಯುತ್ತಿದ್ದ. ಅಭಿಪ್ರಾಯ ಬರೆಯಲು ಕೊಟ್ಟ ಹಾಳೆಯಲ್ಲಿ ರಾಯರು ಕ್ರಮಸಂಖ್ಯೆ ಹಾಕಿ ಏಳು ಆಕ್ಷೇಪಣೆ ಬರೆದು, ಎಂಟನೆಯದಾಗಿ ದೋಸೆ ಉತ್ತಮವಾಗಿತ್ತೆಂದು ಷರಾ ಹಾಕಿ ಸಹಿ ಮಾಡಿದರು.

“ಕಾರ್ಡ್ ಕೊಡಿ ಅಪ್ಪ, ಚೆಕ್‌ಔಟ್ ಮಾಡಿಬಿಡ್ತೀನಿ.”

“ಗಂಟೆ ಎಷ್ಟು?”

“ಹನ್ನೊಂದೂ ಇಪ್ಪತ್ತು.”

ರಾಯರು ಕಣ್ಣುಮುಚ್ಚಿ ಗುಣಿಸಿದರು. “ಇನ್ನೂ ಮುನ್ನೂರು ರೂಪಾಯಿ ಇದೆ ಕಣೋ. ನೀನೂ ನಿಮ್ಮಮ್ಮನೂ ಇಲ್ಲೇ ಕೂತಿರಿ, ನಾನು ಇನ್ನೊಂದು ಸ್ನಾನ ಮಾಡಿ ಬರ್ತೀನಿ” ಎಂದು ಕಾರ್ಡು ಹಿಡಿದು ಲಿಫ್ಟಿನ ಕಡೆ ನಡೆದರು.